ಎರಡು ಹನಿ ಉಪ್ಪುನೀರು

ನನ್ನ ವಾಚ್ ರಿಪೇರಿ ಅಂಗಡಿಯ ಗೋಡೆಯ ಮೇಲೆ ನಾನೇ ಬರೆದು ಅಂಟಿಸಿದ ಬೋರ್ಡಿದೆ: 'ನೀರು ತಾಗಿದ ವಾಚಿಗೆ ನಾವು ಹೊಣೆಯಲ್ಲ.' ಅದರ ಕೆಳಗೇ ಕೂತು ನಾನು ಈ ಮಾನಗೇಡಿ ಕೆಲಸ ಮಾಡಿದೆ.

ಹನ್ನೆರಡು ವರ್ಷದಿಂದ ಸೈನಸ್ ನನ್ನ ಪ್ರಾಣ ಹಿಂಡುತ್ತಿತ್ತು. ನರ್ಸ್ ಆಗಿರುವ ಅತ್ತಿಗೆ, ಕಾಯಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ ಒಂದು ಹೊಳ್ಳೆಯಲ್ಲಿ ಬಿಟ್ಟು ಇನ್ನೊಂದರಲ್ಲಿ ಇಳಿಸುವುದನ್ನು ಕಲಿಸಿಕೊಟ್ಟರು. "ತೊಳೆದ ಮೇಲೆ ಬಗ್ಗಿ, ತಲೆ ಆ ಕಡೆ ಈ ಕಡೆ ತಿರುಗಿಸಿ ಪೂರ್ತಿ ಬಸಿದುಹೋಗೋಕೆ ಬಿಡಪ್ಪ. ಒಳಗೆ ನಿಂತ ನೀರು ಆಮೇಲೆ ಯಾವಾಗ ಬೇಕಾದ್ರೂ ಇಳಿಯುತ್ತೆ," ಅಂದಿದ್ದರು. ವಾರದಲ್ಲೇ ಮೂಗು ಬಿಟ್ಟುಕೊಂಡಿತು, ನನಗೆ ಕೊಂಬು ಬಂತು. ಅಂಗಡಿಗೆ ಹೊತ್ತಾಯಿತೆಂದು ಬಗ್ಗಿ ಬಸಿಯುವುದನ್ನು ಬಿಟ್ಟೆ.

ಅಂಥದೊಂದು ಬೆಳಿಗ್ಗೆ ಸ್ಕೂಲ್ ಟೀಚರ್ ಒಬ್ಬರು ತೀರಿಕೊಂಡ ತಂದೆಯ ಕೀ ಕೊಡುವ ವಾಚು ತಂದರು. "ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳ್ತಿದೆ. ಅಪ್ಪಂದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ," ಎಂದು ಎದುರಿನ ಸ್ಟೂಲಿನಲ್ಲಿ ಕೂತರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಹಿಂದಿನ ಮುಚ್ಚಳ ತೆಗೆದು ಬಗ್ಗಿದೆ. ಮೂಗಿನಿಂದ ಟಪ್ ಟಪ್ ಎಂದು ಎರಡು ಹನಿ ಉಪ್ಪುನೀರು ನೇರ ಯಂತ್ರದೊಳಕ್ಕೆ ಬಿತ್ತು.

ಆಗಲೇ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಹಿಂದೆ ಬೀಳುವುದಕ್ಕೆ ವೇಗದ ಕಡ್ಡಿ ಚೂರು ಸರಿಸಿದರೆ ಸಾಕಿತ್ತು; ಪೂರ್ತಿ ಯಾಕೆ ಬಿಚ್ಚಿದೆನೆಂದು ಹೇಳಬೇಕಿತ್ತಲ್ಲ! ಇಪ್ಪತ್ತು ವರ್ಷದ ಕಸುಬುದಾರ, ನಿಮ್ಮಪ್ಪನ ವಾಚಿನೊಳಗೆ ಮೂಗು ಸೋರಿಸಿದೆ ಅನ್ನಲೇ? ಅವರ ಕಣ್ಣು ತಪ್ಪಿಸಿ ಬಟ್ಟೆಯ ತುದಿಯಿಂದ ಒತ್ತಿ, ಗಾಳಿ ಊದಿ, ಕಡ್ಡಿ ಸರಿಸಿ, ಮುಚ್ಚಳ ಹಾಕಿದೆ. ಟಿಕ್ ಟಿಕ್ ಅನ್ನುತ್ತಿತ್ತು. ಸದ್ಯ, ಬಚಾವಾದೆ ಅಂದುಕೊಂಡೆ.

ತಿಂಗಳಿಗೆ ವಾಚು ನಿಂತುಹೋಗಿ ಅವರು ಮತ್ತೆ ಬಂದರು. ತೆರೆದು ನೋಡಿದೆ. ಕೂದಲೆಳೆಯಂಥ ಸ್ಪ್ರಿಂಗು ತುಕ್ಕು ಹಿಡಿದು ತುಂಡಾಗಿತ್ತು. ಅಂಥದ್ದು ಈಗ ಎಲ್ಲೂ ಸಿಗುವುದಿಲ್ಲ. ಅಭ್ಯಾಸಬಲದಿಂದ ನನ್ನ ಹಾಳು ನಾಲಿಗೆ, "ನೀರು ತಾಗಿದೆ," ಅಂದುಬಿಟ್ಟಿತು.

ಟೀಚರ್ ಬೋರ್ಡು ನೋಡಿ ತಲೆ ತಗ್ಗಿಸಿದರು. "ನಂದೇ ತಪ್ಪು. ಪಾತ್ರೆ ತೊಳೆಯೋವಾಗ ಒಂದೆರಡು ಸಲ ಬಿಚ್ಚಿಡೋದು ಮರೆತೆ. ಅಪ್ಪ ಇದ್ದಿದ್ರೆ ಬೈತಿದ್ರು."

ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. "ನಿಮ್ಮ ತಪ್ಪಲ್ಲ ಟೀಚರ್," ಎಂದೆ. "ಅವತ್ತು ನನ್ನ ಮೂಗಿಂದ ಉಪ್ಪುನೀರು ಅದರೊಳಗೆ ಬಿತ್ತು. ಹೇಳೋಕೆ ನಾಚಿಕೆಯಾಗಿ ಮುಚ್ಚಿಟ್ಟೆ."

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಕೇಳಿದ್ದು ಇಷ್ಟೇ: "ಅವತ್ತೇ ಹೇಳಿದ್ದಿದ್ರೆ ಸರಿಹೋಗ್ತಿತ್ತಾ?"

"ಹೂಂ," ಎಂದೆ.

ನಿಂತ ವಾಚನ್ನೇ ಕೈಗೆ ಕಟ್ಟಿಕೊಂಡು ಅವರು ಹೊರಟುಹೋದರು.