ಹೆಸರು ಬೇಡವೆಂದ ಚೀಟಿ

ಭೀಮರಾಯನಗುಡಿಯ ಕಾಲುವೆ ಗೇಟುಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನು ನೋಡಿಕೊಳ್ಳುವವರು ನಾವು ಒಂಬತ್ತು ಜನ. ಸೋಮವಾರ ನಮ್ಮ ತಂಡದ ಮುಖ್ಯಸ್ಥ ಸಂಗಮನಾಥರು ಎಲ್ಲರಿಗೂ ಚೀಟಿ ಹಂಚಿದರು.

“ನನ್ನ ಕೆಲಸದಾಗ ಏನು ತಪ್ಪದ, ಬರೀರಿ. ಹೆಸರು ಹಾಕಬ್ಯಾಡ್ರಿ.”

ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಎಲ್ಲಾ ಚಲೋ ಅದ’ ಎಂದು ಗೀಚಿದರು. ‘ಹನ್ನೆರಡನೇ ಗೇಟಿನ ಸೆನ್ಸರ್ ಕೆಸರಲ್ಲಿ ಹೂತಿದೆ. ಮೂರು ಸಲ ಹೇಳಿದರೂ ನೀವು ಬಂದು ನೋಡಲಿಲ್ಲ’ ಎಂದು ನಾನು ಬರೆದೆ.

ಗುರುವಾರ ಆಫೀಸಿಗೆ ಹೋದರೆ, ಸಂಗಮನಾಥ ಸಾಹೇಬರು ನನ್ನ ಚೀಟಿಯನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

“ಮೂರು ದಿನದಿಂದ ಇದನ್ನೇ ಹುಡುಕಾಕತ್ತೀರೇನ್ರಿ ಸಾಹೇಬ್ರ? ಬರದಾಕಿ ನಾನೇ, ರೇಣುಕಾದೇವಿ. ಸೆನ್ಸರ್ ಇನ್ನೂ ಕೆಸರಾಗೇ ಅದ.”