ಗೂಡು ಸಾಗಿಸುವ ಮನೆ

"ಮುಟ್ಟಾದೋಳು ಉಳದ ಮನೆಗೆ ಕಾಲಿಕ್ಕುದ್ರೆ ಗೂಡು ಕೆಡ್ದೆ ಇನ್ನೇನಾದಾತು? ನಿಮ್ಮಪ್ಪನ ಮನೇಲಿರೋಗು! ಮುಂದಿನ್ ಬೆಳೆ ಆದ್ಮ್ಯಾಲೆ ಬಾ!"

ಚಿಕ್ಕಬೋರಮ್ಮ ಜಗಲಿಯ ಮೇಲೆ ನಿಂತು ಸೊಸೆ ಕವಿತಳಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಟೆಂಪೊ ನಿಲ್ಲಿಸಿ ಇಳಿದ ಯತೀಶ ಅಂಗಳದಂಚಿನಲ್ಲೇ ನಿಂತ. ಆ ರೇಷ್ಮೆಗೂಡು ಕೆಡಿಸಿದವನು ಅವನೇ.

ಬಂಡೂರಿನ ಸುತ್ತಮುತ್ತ ಗೂಡು ಸಾಗಿಸುವುದೆಂದರೆ ಇವರ ಮನೆಯವರೇ. ತಾತ ನಿಂಗಯ್ಯ ಎತ್ತಿನಗಾಡಿ ಹೂಡಿದ, ಅಪ್ಪ ಸಿದ್ದರಾಮು ಲಾರಿ ತಂದ, ಯತೀಶನದು ಟೆಂಪೊ. ಗಾಡಿ ಬದಲಾದರೂ ಒಂದು ಕಟ್ಟಳೆ ಬದಲಾಗಿರಲಿಲ್ಲ: ರಾಮನಗರದ ಮಾರ್ಕೆಟ್ಟಿನ ದಾರಿಯಲ್ಲಿ ಮದ್ದೂರು ಮುಟ್ಟಿದೊಡನೆ ಟಾರ್ಪಾಲು ಬಿಚ್ಚಿ, ಚೀಲಗಳನ್ನು ಇಳಿಸಿ ಗಾಳಿಗೆ ಬಿಡಬೇಕು. ಗೂಡಿನೊಳಗಿನ ಹುಳು ಜೀವ ಹಿಡಿದಿರುತ್ತದೆ. ಬಿಗಿದಿಟ್ಟರೆ ಬೆವರಿ ಸತ್ತು ಗೂಡಿಗೆ ಕಲೆ ಹತ್ತುತ್ತದೆ.

ಮೊನ್ನೆ ಚಿಕ್ಕಬೋರಮ್ಮನ ಮನೆಯ ಗೂಡು ಒಯ್ಯುವಾಗ ಮದ್ದೂರಿನಲ್ಲಿ ಬಾಳೆಗೊನೆಯ ಬಾಡಿಗೆಯೂ ಸಿಕ್ಕಿತು. ಆಸೆಬುರುಕ, ಚೀಲ ಇಳಿಸುವುದಿರಲಿ, ಅವುಗಳ ಮೇಲೇ ಗೊನೆ ಪೇರಿಸಿ ಹೊರಟ. ರಾಮನಗರದಲ್ಲಿ ಹರಾಜಿಗೆ ಸುರಿದರೆ ಅರ್ಧಕ್ಕರ್ಧ ಕಲೆಗೂಡು. "ಏನಾಯ್ತ್ಲಾ ಯತೀಸ?" ಅಂತ ಚಿಕ್ಕಬೋರಮ್ಮನ ಮಗ, ಕವಿತಳ ಗಂಡ ರಘುನಂದನ್ ಕೇಳಿದ್ದಕ್ಕೆ, "ಉಳಕ್ಕೇ ಏನೋ ರೋಗ ಇರ್ಬೇಕು ಕಣ್ಲಾ" ಅಂದುಬಿಟ್ಟಿದ್ದ. ಆ ನಾಲಿಗೆ ಸೇದಿಹೋಗಬಾರದಿತ್ತೇ!

"ದೊಡ್ಡವ್ವಾ, ಕವಿತಂದು ತಪ್ಪಿಲ್ಲ. ನಾನೇ ಮದ್ದೂರಲ್ಲಿ ಚೀಲ ಇಳುಸ್ನಿಲ್ಲ. ಮ್ಯಾಲೆ ಗೊನೆ ಏರ್ಬುಟ್ಟಿದ್ದೆ."

ಚಿಕ್ಕಬೋರಮ್ಮ ಅವನನ್ನೇ ನೋಡಿ ನಕ್ಕುಬಿಟ್ಟಳು. "ಬುಡು ಬುಡು. ಇವಳ್ನ ಉಳ್ಸಾಕೆ ನಿನ್ ತಲೆಮ್ಯಾಲೆ ಯಾಕ್ಲಾ ಆಕ್ಕೊಂಡೀಯೆ? ನಿಮ್ ತಾತನ ಕಾಲ್ದಿಂದ ನೋಡಿವ್ನಿ. ನಿಮ್ಮನೆ ಗಾಡೀಲಿ ಒಂದ್ ಗೂಡು ಕೆಟ್ಟಿದ್ದುಂಟಾ?"

"ದೇವ್ರಾಣೆ ದೊಡ್ಡವ್ವಾ!"

"ಒಳ್ಳೇರ್ ಮನೆ ಮಗ, ಅದ್ಕೇ ಅಂಗಂತೀಯೆ. ಕುಂತ್ಕೊ, ಕಾಪಿ ತತ್ತೀನಿ."

ಅಪ್ಪ, ತಾತ ಬೆವರು ಸುರಿಸಿ ಗಳಿಸಿದ ಹೆಸರೇ ಯತೀಶನ ನಿಜವನ್ನು ಸುಳ್ಳು ಮಾಡಿತ್ತು.

ಕವಿತ ಬ್ಯಾಗು ಹಿಡಿದು ಮೆಟ್ಟಿಲಿಳಿದಳು.

"ಬಾರವ್ವ, ಬೆಳಕವಾಡೀಲಿ ನಿಮ್ಮಪ್ಪನ ಮನೆ ಗಂಟ ನಾನೇ ಬುಟ್ಟು ಬತ್ತೀನಿ."

"ಮೊನ್ನೆ ಮಾರ್ಕೆಟ್ನಲ್ಲೇ ಇದ್ನ ಯೋಳಿದ್ರೆ ನಂಬೋರು ಕಣಣ್ಣ," ಅಂದಳು ಅವಳು, ದನಿ ಏರಿಸದೆ. "ಬಸ್ಸು ಬತ್ತದೆ. ಓಯ್ತೀನಿ."

ಚಿಕ್ಕಬೋರಮ್ಮ ಒಳಗಿಂದ ಬಂದು ಲೋಟವನ್ನು ಅವನ ಕೈಗಿಟ್ಟಳು. "ಸಕ್ಕರೆ ಸಾಕೇನ್ಲಾ, ಮಗ?"

ರಸ್ತೆಯಾಚೆ, ಟೆಂಪೊಗೆ ಬೆನ್ನು ಹಾಕಿ, ಕವಿತ ಬಸ್ಸಿಗೆ ಕಾಯುತ್ತ ನಿಂತಿದ್ದಳು.