ಹಳೆಯ ಬೋಲ್ಟು, ಹೊಸ ತೋಟಾ

ಅಪ್ಪ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಆ ಕೋವಿ ರಿಪೇರಿ ಅಂಗಡಿಯನ್ನು ಅಣ್ಣ ತಂಗಿ ಇಬ್ಬರೇ ನಡೆಸಿಕೊಂಡು ಬಂದಿದ್ದರು. ಮುಂದಿನ ಕೌಂಟರು ಅಣ್ಣನದು. ಹಿಂದಿನ ಕೋಣೆಯ ಲೇತು, ಅರ, ಎಣ್ಣೆ ಡಬ್ಬಿಗಳೆಲ್ಲ ತಂಗಿಯವು. ಅಣ್ಣನ ಬಾಯಿಗೆ ಬೀಗವಿರಲಿಲ್ಲ. ತಂಗಿ, ಮಾತಾಡಿದರೆ ಮುತ್ತು ಉದುರೀತು ಎನ್ನುವ ಪೈಕಿ. ಕೆಲಸ ಮುಗಿದ ಕೋವಿಯ ನಳಿಗೆಯ ಬುಡದಲ್ಲಿ ಅವಳು ಒಂದು ಪುಟ್ಟ ಎಲೆಯ ಗುರುತು ಒತ್ತುತ್ತಿದ್ದಳು. ಆ ಎಲೆ ಕಂಡರೆ ಜನ ಎರಡನೇ ಮಾತಾಡುತ್ತಿರಲಿಲ್ಲ.

ಆ ವರ್ಷ ಹೊಸ ತೋಟಾ ಬಂತು. ಬುಡದ ಅಳತೆ ಹಳೆಯದರದ್ದೇ, ಒಳಗಿನ ಒತ್ತಡ ಮಾತ್ರ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಹಳೆಯ ಕೋವಿಗೆ ನಳಿಗೆಯೊಂದನ್ನು ಬದಲಿಸಿದರೆ ಸಾಕು ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ತಂಗಿಗೆ ನಳಿಗೆಯ ಚಿಂತೆಯಿರಲಿಲ್ಲ. ತೋಟಾ ಸಿಡಿದಾಗ ಅದರ ಹಿಂದೊದೆತವನ್ನು ತಡೆಯುವುದು ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟಿನ ಮುಂತುದಿಯಲ್ಲಿರುವ ಎರಡು ಹಲ್ಲು. ಹಳೆಯ ಕಾಲದ ಹಲ್ಲುಗಳು ಹಳೆಯ ಒತ್ತಡಕ್ಕೆ ಮಾಡಿದವು.

ಅವಳು ಅಪ್ಪನದೇ ಹಳೆಯ ಕೋವಿಯೊಂದಕ್ಕೆ ಹೊಸ ನಳಿಗೆ ಕೂಡಿಸಿ, ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಗೋಡೆಯ ಮರೆಯಿಂದ ಹಗ್ಗ ಎಳೆದು ಮೂವತ್ತು ಗುಂಡು ಹಾರಿಸಿದಳು. ಇಪ್ಪತ್ತು ದಾಟುತ್ತಿದ್ದಂತೆ ಬೋಲ್ಟಿನ ಹಿಡಿ ಎತ್ತಲು ಅಂಗೈಯಿಂದ ಗುದ್ದಬೇಕಾಯಿತು. ಆಮೇಲೆ ಬೋಲ್ಟಿಗೆ ಕೆಂಪು ಬಣ್ಣದ ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಉದುರಿಸಿದಳು. ಒಂದು ಹಲ್ಲಿನ ಬುಡದಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಬಿರುಕು.

ಅಣ್ಣನಿಗೆ ತೋರಿಸಿದಳು. "ಹಳೇ ಬೋಲ್ಟಿಗೆ ಇದು ಬೇಡ ಅಣ್ಣ. ಯಾರ ಮುಖಕ್ಕೋ ಸಿಡಿಯುತ್ತೆ."

"ನೀನು ಬೇಡ ಅಂದ್ಮೇಲೆ ಮುಗೀತು ಬಿಡು," ಎಂದ ಅಣ್ಣ.

ಮುಂದಿನ ತಿಂಗಳು ಅವಳ ಮಗಳಿಗೆ ಆಪರೇಷನ್ ಆಯಿತು. "ಅಂಗಡಿ ಚಿಂತೆ ಬಿಡು ಪುಟ್ಟಿ, ಮಗು ಕಡೆ ನೋಡ್ಕೋ. ನಾನಿಲ್ವಾ," ಎಂದು ಅಣ್ಣನೇ ಆಸ್ಪತ್ರೆಗೆ ಫ್ಲಾಸ್ಕು ತಂದುಕೊಟ್ಟು ಹೋಗುತ್ತಿದ್ದ. ಇಂಥ ಅಣ್ಣ ಎಷ್ಟು ಜನಕ್ಕಿದ್ದಾನೆ ಎಂದು ಅವಳ ಕಣ್ಣು ತುಂಬಿತ್ತು.

ಅವಳು ಕೆಲಸಕ್ಕೆ ಮರಳಿ ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅಣ್ಣ ಇನ್ನೂ ಬಂದಿರಲಿಲ್ಲ. ಅರಣ್ಯ ಕಾವಲುಗಾರನೊಬ್ಬ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ಕೋವಿಯನ್ನು ಕೌಂಟರಿನ ಮೇಲಿಟ್ಟ. ಬೋಲ್ಟು ಕಚ್ಚಿಕೊಂಡಿತ್ತು. ಕೆನ್ನೆಯ ತುಂಬ ಸಿಡಿಮದ್ದಿನ ಕಪ್ಪು ಚುಕ್ಕೆ.

"ಕಣ್ಣು ಉಳಿಯುತ್ತೆ ಅಂದಿದ್ದಾರೆ ಡಾಕ್ಟ್ರು," ಎಂದ. "ನಾನೇನಾದ್ರೂ ತಪ್ಪು ಮಾಡಿದ್ನಾ ಅಕ್ಕಾ? ನಿಮ್ಮ ಎಲೆ ನೋಡೇ ತಗೊಂಡಿದ್ದೆ."

ಹಳೆಯ ಕೋವಿ, ಹೊಸ ನಳಿಗೆ, ಬುಡದಲ್ಲಿ ಅವಳ ಎಲೆ. ಆ ನಳಿಗೆಯನ್ನು ಅವಳು ಕಂಡೇ ಇರಲಿಲ್ಲ.

ಅಣ್ಣ ಬಂದ. ಕಾವಲುಗಾರನನ್ನು ಬೆಂಚಿನ ಮೇಲೆ ಕೂರಿಸಿ, ಅವಳು ಅಣ್ಣನನ್ನು ಹಿಂದಿನ ಕೋಣೆಗೆ ಕರೆದಳು. ಅವನು ಸುಳ್ಳು ಹೇಳಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಗ ಬೇರೆ ಲೇತಿನವನ ಕೈಲಿ ಆರು ಕೋವಿಗೆ ನಳಿಗೆ ಹಾಕಿಸಿದ್ದ. ಅವಳ ಡ್ರಾಯರಿನಿಂದ ಅಚ್ಚು ತೆಗೆದು ಎಲೆ ಒತ್ತಿದ್ದ.

"ಒಂದರಲ್ಲಿ ಬಿರುಕು ಬಂತು ಅಂತ ಎಲ್ಲದ್ರಲ್ಲೂ ಬರುತ್ತಾ? ಎದುರು ಅಂಗಡಿಯವನು ಹಾಕಿಕೊಡ್ತಿದ್ದ. ಗಿರಾಕಿಗಳೆಲ್ಲ ಆ ಕಡೆ ಹೋಗೋದನ್ನ ನೋಡ್ತಾ ಕೂರಬೇಕಿತ್ತಾ?"

"ನನ್ನ ಗುರುತು ಯಾಕೆ ಹಾಕ್ದೆ?"

"ಅದಿಲ್ದೆ ಯಾರು ತಗೋತಾರೆ?" ಎಂದ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಆಮೇಲೆ ದನಿ ತಗ್ಗಿಸಿದ. "ಅವನು ತಪ್ಪು ತೋಟಾ ಹಾಕಿದ್ದ ಅಂತ ಹೇಳಿಬಿಡು. ನೀನು ಹೇಳಿದ್ರೆ ನಂಬ್ತಾನೆ."

ಅವಳು ಹೊರಗೆ ಬಂದು ಕಾವಲುಗಾರನಿಗೆ ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ಅವನದಲ್ಲ ಎಂಬುದನ್ನು ಎರಡು ಸಲ ಹೇಳಿದಳು. ಮಧ್ಯಾಹ್ನ ಲೈಸೆನ್ಸ್ ಕಚೇರಿಗೆ ಹೋಗಿ ಬರೆದುಕೊಟ್ಟಳು. ಉಳಿದ ಐವರಿಗೂ ಫೋನು ಮಾಡಿ, ಕೋವಿ ಹಾರಿಸಬೇಡಿ, ತಂದುಕೊಡಿ ಎಂದಳು. ನಾಲ್ವರು ತಂದರು. ಎರಡರಲ್ಲಿ ಬಿರುಕಿತ್ತು.

ಐದನೆಯವರು ನಿವೃತ್ತ ಪೋಸ್ಟ್‌ಮಾಸ್ಟರು. "ನಿಮ್ಮಣ್ಣ ಆಗಲೇ ಹೇಳಿದ್ರಮ್ಮ," ಎಂದರು ಫೋನಿನಲ್ಲಿ, ತುಸು ಮುಜುಗರದಿಂದ. "ಮಗಳ ಕಾಯಿಲೆ ಆದ್ಮೇಲೆ ನೀವು ಸ್ವಲ್ಪ ಹೀಗೇ ಆಗಿದ್ದೀರಂತೆ. ಏನೇನೋ ಭಯವಂತೆ."

ಎಲೆಯ ಸುದ್ದಿ ಕೇಳಿದಾಗ ಬಾರದ ಅಳು ಅವಳಿಗೆ ಈಗ ಬಂತು. ಫೋನನ್ನು ದೂರ ಹಿಡಿದು ಅತ್ತು ಮುಗಿಸಿದಳು. ಆಮೇಲೆ ಬಿರುಕುಬಿಟ್ಟ ಬೋಲ್ಟೊಂದನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿ ಅವರ ಮನೆಗೇ ಹೋದಳು. ಅವರು ಕನ್ನಡಕ ಏರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿ, ಒಳಗಿಂದ ಕೋವಿ ತಂದುಕೊಟ್ಟರು.

ಅಂಗಡಿಯ ಲೈಸೆನ್ಸು ಹೋಯಿತು. ತಂಗಿ ಈಗ ರೈಫಲ್ ಕ್ಲಬ್ಬಿನ ವರ್ಕ್‌ಶಾಪಿನಲ್ಲಿದ್ದಾಳೆ. ಕಳೆದ ತಿಂಗಳು ಅಣ್ಣ ಯಾರದೋ ಕೋವಿ ಹಿಡಿದುಕೊಂಡು ಅಲ್ಲಿಗೆ ಬಂದ. ಟ್ರಿಗರ್ ಬಿಗಿ ಅಂತೆ. ಸ್ವಲ್ಪ ಸೊರಗಿದ್ದ. "ಹೇಗಿದ್ದೀಯಾ ಪುಟ್ಟಿ?" ಎಂದು ಕೇಳಿದ.

ಅವಳು ಚೀಟಿ ಬರೆದು ಕೋವಿಗೆ ಕಟ್ಟಿದಳು.

"ಗುರುವಾರ ಆಗುತ್ತೆ," ಎಂದಳು. "ನೀವು ಬರದಿದ್ರೂ ಪರವಾಗಿಲ್ಲ, ಕೋವಿ ಯಾರದೋ ಅವರನ್ನೇ ಕಳಿಸಿ."

ಹುಟ್ಟಿದಾಗಿನಿಂದ ಅವಳು ಅವನನ್ನು ನೀವು ಎಂದದ್ದು ಅದೇ ಮೊದಲು. ಅವಳು ಮುಂದಿನ ಗಿರಾಕಿಯ ಕಡೆ ತಿರುಗಿದಳು.